ಹದಿನೇಳರ ಹುಡುಗನ ಸಹಿ, ಎಂಬತ್ತರ ಅಜ್ಜಿಯ ಹೆಬ್ಬೆಟ್ಟು: ಕರಾರು ಮಾಡಲು ಯಾರು ಅರ್ಹರು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕ. ತಾಲ್ಲೂಕು ಕೇಂದ್ರದಲ್ಲಿ ಮೂವತ್ತು–ನಲವತ್ತರ ನಿವೇಶನ ಮತ್ತು ಅದರಲ್ಲಿರುವ ಹಳೆಯ ಹೆಂಚಿನ ಮನೆಯನ್ನು 32 ಲಕ್ಷ ರೂಪಾಯಿಗೆ ಕೊಳ್ಳಲು ಮಾತಾಗಿದೆ. ಮನೆಯ ಯಜಮಾನರು ಸ್ವಂತ ದುಡಿಮೆಯಿಂದ ಕೊಂಡ ಆಸ್ತಿ ಅದು. ಅವರು ಎರಡು ವರ್ಷದ ಹಿಂದೆ ತೀರಿಕೊಂಡರು, ಉಯಿಲು ಬರೆದಿಲ್ಲ. ಪತ್ನಿ, ಇಪ್ಪತ್ತು ವರ್ಷದ ಮಗಳು, ಹದಿನೇಳೂವರೆ ವರ್ಷದ ಮಗ ಮತ್ತು ಯಜಮಾನರ ಎಂಬತ್ತು ವರ್ಷದ ತಾಯಿ ಇದ್ದಾರೆ. ಛಾಪಾ ಕಾಗದದ ಮೇಲೆ ಕ್ರಯದ ಕರಾರು ಬರೆಸಿದ್ದೇವೆ; ಮಕ್ಕಳ ತಾಯಿ (ಅಂದರೆ ಯಜಮಾನರ ಪತ್ನಿ), ಮಗಳು, ಮಗ ಮೂವರೂ ಸಹಿ ಹಾಕಿದ್ದಾರೆ. ನಾಲ್ಕು ಲಕ್ಷ ಮುಂಗಡವನ್ನು ತಾಯಿಯ ಖಾತೆಗೆ ಹಾಕಿದ್ದೇನೆ. ಆಮೇಲೆ ಸ್ನೇಹಿತರೊಬ್ಬರು ‘ಮೈನರ್ ಸಹಿ ನಡೆಯುವುದಿಲ್ಲ’ ಎಂದರು. ದಲ್ಲಾಳಿಯನ್ನು ಕೇಳಿದರೆ, ‘ಐದು ತಿಂಗಳಲ್ಲಿ ಹುಡುಗನಿಗೆ ಹದಿನೆಂಟು ತುಂಬುತ್ತದೆ, ಆಗ ಅದೇ ಕಾಗದಕ್ಕೆ ಇನ್ನೊಂದು ಸಹಿ ಹಾಕಿಸೋಣ, ಅವಸರವಿದ್ದರೆ ತಾಯಿಯೇ ಗಾರ್ಡಿಯನ್ ಆಗಿ ಈಗಲೇ ನೋಂದಣಿ ಮಾಡಿಕೊಡುತ್ತಾರೆ’ ಎನ್ನುತ್ತಾರೆ. ಅಜ್ಜಿಗೆ ಮರೆವು, ಅವರ ಹೆಬ್ಬೆಟ್ಟನ್ನು ಮನೆಯಲ್ಲೇ ಒತ್ತಿಸಿಕೊಡುತ್ತೇವೆ ಎಂದೂ ಹೇಳಿದ್ದಾರೆ. ನನ್ನ ಹಣ ಉಳಿಯುತ್ತದೆಯೇ? ನಾನು ಏನು ಮಾಡಬೇಕು? ಇನ್ನೊಂದು ಮಾತು: ಈ ಮನೆಯನ್ನು ನನ್ನ ಹತ್ತು ವರ್ಷದ ಮಗಳ ಹೆಸರಿನಲ್ಲಿ ಕೊಳ್ಳಬಹುದೇ?

ಉತ್ತರ: ಮಾನ್ಯರೇ, ಉಳಿದ 28 ಲಕ್ಷವನ್ನು ಕೊಡುವ ಮೊದಲೇ ನೀವು ಕೇಳಿದ್ದೀರಿ, ಅದು ದೊಡ್ಡ ಸಮಾಧಾನ. ನನ್ನ ಕಚೇರಿಗೆ ಇಂಥ ಕಾಗದ ಹಿಡಿದು ಬರುವವರಲ್ಲಿ ಹೆಚ್ಚಿನವರು ಹಣವನ್ನೆಲ್ಲ ಕೊಟ್ಟು, ಖಾತೆ ಮಾಡಿಸಿಕೊಂಡು, ಗೋಡೆಗೆ ಸುಣ್ಣ ಬಳಿದ ಮೇಲೆ ಬರುತ್ತಾರೆ. ಆಗ ಮಾಡಲು ಉಳಿಯುವುದು ಕಡಿಮೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹುಡುಗನ ಸಹಿ ಅವನನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಅದೇ ಕಾಗದಕ್ಕೆ ಇನ್ನೊಂದು ಸಹಿ ಹಾಕಿಸಿದರೂ ಅದಕ್ಕೆ ಜೀವ ಬರುವುದಿಲ್ಲ. ತಾಯಿ ನ್ಯಾಯಾಲಯದ ಅನುಮತಿ ಇಲ್ಲದೆ ಗಾರ್ಡಿಯನ್ ಆಗಿ ಬರೆದುಕೊಡುವ ಕ್ರಯಪತ್ರ ಇವತ್ತು ನೋಂದಣಿಯಾದರೂ ನಾಳೆ ಮುರಿದು ಬೀಳಬಹುದು. ಅಜ್ಜಿಯ ಹೆಬ್ಬೆಟ್ಟನ್ನು ಮನೆಯಲ್ಲಿ ಒತ್ತಿಸಿಕೊಳ್ಳುವ ಮಾತಿಗಂತೂ ದಯವಿಟ್ಟು ಒಪ್ಪಬೇಡಿ. ಹಾಗೆಂದು ವ್ಯವಹಾರವನ್ನು ಕೈಬಿಡಬೇಕಾಗಿಲ್ಲ, ಅದನ್ನು ಸರಿಯಾಗಿ ಮಾಡುವ ದಾರಿ ಇದೆ.

1872ರ ಭಾರತೀಯ ಕರಾರು ಕಾಯಿದೆಯ 10ನೇ ಕಲಂ, ಕರಾರು ಮಾಡಲು ಅರ್ಹರಾದವರು ಮುಕ್ತ ಸಮ್ಮತಿಯಿಂದ ಮಾಡಿಕೊಂಡ ಒಪ್ಪಂದವನ್ನು ಮಾತ್ರ ಕರಾರು ಎಂದು ಒಪ್ಪುತ್ತದೆ. ಅರ್ಹರು ಯಾರು ಎನ್ನುವುದು 11ನೇ ಕಲಮಿನಲ್ಲಿದೆ: ವಯಸ್ಸಿಗೆ ಬಂದವರು, ಸ್ವಸ್ಥಚಿತ್ತರು, ಬೇರೆ ಯಾವ ಕಾನೂನಿನಿಂದಲೂ ಅನರ್ಹರಾಗದವರು. ಈ ಮೂರನೆಯದು ನಿಮ್ಮ ವಿಷಯಕ್ಕೆ ಬರುವುದಿಲ್ಲ, ಬಿಡೋಣ. ಮೊದಲ ಎರಡು ನಿಮ್ಮ ಒಂದೇ ವ್ಯವಹಾರದಲ್ಲಿ ಒಟ್ಟಿಗೆ ಬಂದು ಕೂತಿವೆ.

ವಯಸ್ಸಿಗೆ ಬಾರದವನ ಕರಾರಿನ ಗತಿ ಏನು ಎನ್ನುವ ಬಗ್ಗೆ ಈ ಕಾಯಿದೆ ಬಂದ ಮೇಲೂ ಮೂವತ್ತು ವರ್ಷ ಗೊಂದಲವಿತ್ತು. ಅದು ಮೊದಲಿನಿಂದಲೇ ಇಲ್ಲದ್ದೋ, ಅಥವಾ ಹುಡುಗ ಬೇಡವೆಂದಾಗ ಮಾತ್ರ ಬೀಳುವಂಥದ್ದೋ? ಇದನ್ನು ತೀರ್ಮಾನಿಸಿದ್ದು ಕಲ್ಕತ್ತೆಯ ಒಂದು ಅಡಮಾನದ ವ್ಯಾಜ್ಯ, ಮೊಹೋರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್. 1895ರ ಜುಲೈ 20ರಂದು ಧರ್ಮೋದಾಸ್ ಎಂಬ ಹುಡುಗ ತನ್ನ ಮನೆಗಳನ್ನು ಬ್ರಹ್ಮೋದತ್ತ ಎಂಬ ಲೇವಾದೇವಿಗಾರನಿಗೆ 20,000 ರೂಪಾಯಿ ಸಾಲಕ್ಕೆ ಅಡಮಾನ ಬರೆದುಕೊಟ್ಟ. ಹುಡುಗ ಇನ್ನೂ ವಯಸ್ಸಿಗೆ ಬಂದಿಲ್ಲ, ಅವನಿಗೆ ಸಾಲ ಕೊಟ್ಟರೆ ನಿಮ್ಮದೇ ಹೊಣೆ ಎಂದು ತಾಯಿಯ ಪರವಾಗಿ ವಕೀಲರ ಪತ್ರ ಅದಕ್ಕೂ ಮೊದಲೇ ಲೇವಾದೇವಿಗಾರನ ಪ್ರತಿನಿಧಿಯ ಕೈ ಸೇರಿತ್ತು. ಆದರೂ ಪ್ರತಿನಿಧಿ ವ್ಯವಹಾರ ನಿಲ್ಲಿಸಲಿಲ್ಲ. ಬದಲಿಗೆ ಅಡಮಾನದ ದಿನವೇ ಹುಡುಗನಿಂದ ‘ನಾನು ವಯಸ್ಸಿಗೆ ಬಂದಿದ್ದೇನೆ’ ಎಂದು ಉದ್ದದ ಘೋಷಣೆಯನ್ನು ಬರೆಸಿಕೊಂಡ. ಕೆಲವೇ ವಾರಗಳಲ್ಲಿ ತಾಯಿ ಮಗನ ಪರವಾಗಿ ದಾವೆ ಹೂಡಿದರು. ಲೇವಾದೇವಿಗಾರ ತೀರಿಕೊಂಡ ಮೇಲೆ ಅವನ ಸ್ಥಾನದಲ್ಲಿ ವ್ಯಾಜ್ಯ ಮುಂದುವರಿಸಿದವರು ಮೊಹೋರಿ ಬೀಬಿ. ಮೊಕದ್ದಮೆ, ಆಗ ಭಾರತದ ವ್ಯಾಜ್ಯಗಳಿಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. 1903ರಲ್ಲಿ ತೀರ್ಪು ಬಂತು: ವಯಸ್ಸಿಗೆ ಬಾರದವನು ಕರಾರು ಮಾಡಲಾರ, ಅವನು ಮಾಡಿದ್ದು ಹುಟ್ಟಿನಿಂದಲೇ ಶೂನ್ಯ. ಸಾಲ ಕೊಟ್ಟವರು 10,500 ರೂಪಾಯಿಯನ್ನಾದರೂ ಹಿಂದಿರುಗಿಸಿ ಎಂದು ಬೇಡಿದರು. ಹುಡುಗನ ವಯಸ್ಸು ತಿಳಿದೂ ಕೊಟ್ಟಿರಿ ಎಂದು ಅದನ್ನೂ ಕೊಡಿಸಲಿಲ್ಲ.

ನೂರಿಪ್ಪತ್ತು ವರ್ಷ ಕಳೆದರೂ ಈ ತೀರ್ಪು ಅಲುಗಾಡಿಲ್ಲ. ‘ಹುಡುಗನೇ ವಯಸ್ಸಾಗಿದೆ ಎಂದು ಬರೆದುಕೊಟ್ಟಿದ್ದ’ ಎನ್ನುವ ವಾದವೂ ಅವನನ್ನು ಕಟ್ಟಿಹಾಕುವುದಿಲ್ಲ ಎಂದು ನಂತರದ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಸುಳ್ಳು ಹೇಳಿದ ಹುಡುಗನಿಗೂ ರಕ್ಷಣೆಯೇ ಎಂದು ಕೆಲವರು ಸಿಟ್ಟಾಗುತ್ತಾರೆ. ನನಗೆ ಈ ನಿಯಮದ ಮೇಲೆ ಪೂರ್ತಿ ಗೌರವವಿದೆ. ತಂದೆ ಸತ್ತ ಮನೆಯಲ್ಲಿ ಹದಿನಾರು ಹದಿನೇಳರ ಹುಡುಗನ ಮುಂದೆ ಕಾಗದ ಹಿಡಿದು ‘ಇಲ್ಲೊಂದು ಸಹಿ ಹಾಕಪ್ಪಾ’ ಎನ್ನುವ ದೊಡ್ಡವರನ್ನು ನಾನು ಬಹಳ ಕಂಡಿದ್ದೇನೆ. ಆ ಹುಡುಗ ಕಾಗದವನ್ನು ಓದುವುದಿಲ್ಲ, ಸುತ್ತ ನಿಂತವರ ಮುಖ ನೋಡುತ್ತಾನೆ. ಕಾನೂನು ಕಾಯುತ್ತಿರುವುದು ಅವನನ್ನು.

ಇನ್ನು ದಲ್ಲಾಳಿಯವರ ‘ಅದೇ ಕಾಗದಕ್ಕೆ ಇನ್ನೊಂದು ಸಹಿ’ ಎನ್ನುವ ಸಲಹೆ. ಇದು ಊರೂರಲ್ಲಿ ಚಾಲ್ತಿಯಲ್ಲಿರುವ ತಪ್ಪು. ಇರುವ ಕರಾರನ್ನು ಆಮೇಲೆ ಸ್ಥಿರೀಕರಿಸಬಹುದು. ಇಲ್ಲವೇ ಇಲ್ಲದ್ದನ್ನು ಸ್ಥಿರೀಕರಿಸುವುದು ಹೇಗೆ? ಹುಡುಗ ಮೈನರ್ ಆಗಿದ್ದಾಗ ಕೊಟ್ಟ ಹಣ, ಅವನು ಮೇಜರ್ ಆದ ಮೇಲೆ ಮಾಡುವ ಹೊಸ ಕರಾರಿಗೆ ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಲ್ಲುವ ಹಣ) ಆಗುವುದೂ ಇಲ್ಲ. ಆದ್ದರಿಂದ ಹೊಸ ಕಾಗದ ಬೇಕು, ಹುಡುಗನ ಪಾಲಿಗೆ ಹೊಸ ಪ್ರತಿಫಲವೂ ಬೇಕು. ಈ ಎರಡನ್ನೂ ಹೇಗೆ ಹೊಂದಿಸಬೇಕು ಎಂದು ಲೆಕ್ಕಸಮೇತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಯಾರ ಪಾಲು ಎಷ್ಟು ಎಂದು ನೋಡಿ. ಯಜಮಾನರು ಉಯಿಲಿಲ್ಲದೆ ತೀರಿಕೊಂಡಿದ್ದಾರೆ, ಆಸ್ತಿ ಸ್ವಯಾರ್ಜಿತ ಎನ್ನುತ್ತೀರಿ. ಕುಟುಂಬ ಹಿಂದೂ ಎಂದು ಇಟ್ಟುಕೊಂಡು ಹೇಳುವುದಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಪತ್ನಿ, ಮಗ, ಮಗಳು ಮತ್ತು ತೀರಿಕೊಂಡವರ ತಾಯಿ, ನಾಲ್ವರೂ ಮೊದಲ ವರ್ಗದ ವಾರಸುದಾರರು. ಪಾಲು ಸಮ. ತಾಯಿಗೂ ಪಾಲಿದೆ ಎನ್ನುವುದನ್ನು ನಮ್ಮ ಕಡೆ ಎಷ್ಟೋ ಮನೆಗಳು ಮರೆಯುತ್ತವೆ, ‘ಅಜ್ಜಿಯದೇನಿದೆ, ಅವರು ನಮ್ಮ ಜೊತೆಗೇ ಇದ್ದಾರಲ್ಲ’ ಎನ್ನುತ್ತವೆ. ಈ ಮನೆಯಲ್ಲಿ ಅಜ್ಜಿಯ ಕಾಲು ಭಾಗ ನಿಮ್ಮ ಮಾತಿನ ಪ್ರಕಾರ ಎಂಟು ಲಕ್ಷ ರೂಪಾಯಿ ಬೆಲೆಯದು. ನಿಮ್ಮ ಕರಾರಿನಲ್ಲಿ ಅವರ ಗುರುತೇ ಇಲ್ಲ.

ಹಾಗಾದರೆ ಈಗಿನ ಕರಾರಿನಲ್ಲಿ ಉಳಿದಿರುವುದೇನು? ತಾಯಿ ಮತ್ತು ಮಗಳು ವಯಸ್ಸಿಗೆ ಬಂದವರು. ತಮ್ಮ ತಮ್ಮ ಕಾಲು ಭಾಗದ ಮಟ್ಟಿಗೆ ಅವರ ಮಾತಿಗೆ ಅವರು ಬದ್ಧರು. ನಾಲ್ಕು ಲಕ್ಷ ತಾಯಿಯ ಖಾತೆಗೆ ಬ್ಯಾಂಕಿನ ಮೂಲಕ ಹೋಗಿರುವುದರಿಂದ ಅದರ ಹೊಣೆ ಅವರ ಮೇಲೆ ನಿಲ್ಲುತ್ತದೆ. ಇದು ನಿಮಗಿರುವ ಗಟ್ಟಿ ನೆಲೆ. (ನಗದು ಕೊಡದೆ ಇದ್ದದ್ದು ಎರಡು ರೀತಿಯಲ್ಲಿ ಒಳ್ಳೆಯದಾಯಿತು, ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೂ ವಿರುದ್ಧ.) ಹುಡುಗನಿಂದ ಹಣ ವಸೂಲು ಮಾಡುವ ಮಾತು ಬಂದರೆ ಕಷ್ಟ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 33ನೇ ಕಲಮಿನಲ್ಲಿ, ಕರಾರಿನಿಂದ ಮೈನರ್‌ಗೆ ಅಥವಾ ಅವನ ಆಸ್ತಿಗೆ ನಿಜವಾಗಿ ಲಾಭವಾಗಿದ್ದರೆ ಆ ಲಾಭದ ಮಟ್ಟಿಗೆ ಹಿಂದಿರುಗಿಸು ಎಂದು ನ್ಯಾಯಾಲಯ ಹೇಳಬಹುದು. ಹೇಳಲೇಬೇಕೆಂದಿಲ್ಲ. ಹಣ ಅವನ ಕೈಗೇ ಬಂದಿಲ್ಲದಿರುವಾಗ ಆ ದಾರಿಯನ್ನು ನಂಬಿ ಕೂರುವುದು ಬೇಡ.

‘ತಾಯಿಯೇ ಗಾರ್ಡಿಯನ್ ಆಗಿ ಈಗಲೇ ಬರೆದುಕೊಡುತ್ತಾರೆ’ ಎನ್ನುವ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಮನೆಗಳು ಮುಗ್ಗರಿಸುವುದು ಇಲ್ಲಿ. ತಂದೆಯ ನಂತರ ತಾಯಿ ಸಹಜ ಪೋಷಕಿ ಎನ್ನುವುದು ನಿಜ. ಆದರೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 8ನೇ ಕಲಂ ಆ ಪೋಷಕತ್ವಕ್ಕೆ ಬೇಲಿ ಹಾಕಿದೆ. ಮೈನರ್‌ನ ಸ್ಥಿರಾಸ್ತಿಯನ್ನು ಮಾರಲು, ಅಡಮಾನ ಮಾಡಲು, ದಾನ ಕೊಡಲು, ವಿನಿಮಯ ಮಾಡಲು ತಂದೆಗೂ ತಾಯಿಗೂ ಮೊದಲೇ ನ್ಯಾಯಾಲಯದ ಅನುಮತಿ ಬೇಕು. ಐದು ವರ್ಷಕ್ಕೆ ಮೀರಿದ ಗುತ್ತಿಗೆಗೂ ಬೇಕು. ಅನುಮತಿಯನ್ನು ನ್ಯಾಯಾಲಯ ಕೊಡುವುದು ಮಗುವಿಗೆ ಅವಶ್ಯಕತೆ ಇದೆ ಅಥವಾ ಎದ್ದು ಕಾಣುವ ಅನುಕೂಲ ಇದೆ ಎಂದು ಮನವರಿಕೆಯಾದಾಗ ಮಾತ್ರ. ತಾಯಿಗೆ ಸಾಲವಿದೆ, ಮಗಳ ಮದುವೆಯಿದೆ ಎನ್ನುವುದು ಹುಡುಗನ ಅವಶ್ಯಕತೆಯಲ್ಲ. ಅನುಮತಿ ಕೊಟ್ಟಾಗಲೂ ಮೈನರ್‌ನ ಪಾಲಿನ ಹಣವನ್ನು ಅವನ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ.

ಅನುಮತಿ ಇಲ್ಲದೆ ಮಾರಿದರೆ? ಇಲ್ಲಿ ವ್ಯತ್ಯಾಸ ಗಮನಿಸಿ. ಹುಡುಗ ತಾನೇ ಬರೆದುಕೊಟ್ಟದ್ದು ಶೂನ್ಯ. ಸಹಜ ಪೋಷಕಿ ಅನುಮತಿ ಇಲ್ಲದೆ ಬರೆದುಕೊಟ್ಟದ್ದು ಶೂನ್ಯವಲ್ಲ, ಹುಡುಗ ಬೇಡವೆಂದರೆ ಬೀಳುವಂಥದ್ದು. ದೊಡ್ಡವನಾದ ಮೇಲೆ ಅವನಿಗೆ ಮೂರು ವರ್ಷದ ಕಾಲಾವಕಾಶವಿದೆ, ಅಂದರೆ ಸಾಮಾನ್ಯವಾಗಿ ಇಪ್ಪತ್ತೊಂದು ತುಂಬುವವರೆಗೆ. ಅಲ್ಲಿಯವರೆಗೆ ನಿಮ್ಮ ಮನೆಯ ಕಾಲು ಭಾಗ ಅವನ ಮನಸ್ಸಿನ ಮೇಲೆ ನಿಂತಿರುತ್ತದೆ. ಉಪನೋಂದಣಾಧಿಕಾರಿ ನೋಂದಣಿ ಮಾಡಿಕೊಟ್ಟರಲ್ಲ, ಖಾತೆಯೂ ಆಯಿತಲ್ಲ ಎನ್ನಬೇಡಿ. ಅನುಮತಿಯ ಕೊರತೆಯನ್ನು ನೋಂದಣಿ ತುಂಬಿಕೊಡುವುದಿಲ್ಲ.

ಇದು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ನಿಮ್ಮ ಪಕ್ಕದ ಜಿಲ್ಲೆಯದೇ ಪ್ರಕರಣವಿದೆ. ದಾವಣಗೆರೆಯ ಶಾಮನೂರಿನಲ್ಲಿ ಒಬ್ಬ ತಂದೆ 1971ರಲ್ಲಿ ಅಕ್ಕಪಕ್ಕದ ಎರಡು ನಿವೇಶನಗಳನ್ನು ತನ್ನ ಮೂವರು ಮೈನರ್ ಗಂಡುಮಕ್ಕಳ ಹೆಸರಿನಲ್ಲಿ ಕೊಂಡರು. ಆಮೇಲೆ ನ್ಯಾಯಾಲಯದ ಅನುಮತಿ ಪಡೆಯದೆ ಅವನ್ನು ಬೇರೆಯವರಿಗೆ ಮಾರಿದರು. ಮಕ್ಕಳು ವಯಸ್ಸಿಗೆ ಬಂದ ಮೇಲೆ, ಬದುಕಿದ್ದ ಮಕ್ಕಳು ತಾಯಿಯ ಜೊತೆ ಸೇರಿ ಆ ನಿವೇಶನಗಳನ್ನು ಇನ್ನೊಬ್ಬರಿಗೆ ಮಾರಿದರು. ಹೀಗೆ ಮಕ್ಕಳಿಂದ ಕೊಂಡವರು ಎರಡನ್ನೂ ಒಂದು ಮಾಡಿ ಮನೆ ಕಟ್ಟಿಕೊಂಡರು. ಅತ್ತ ತಂದೆಯಿಂದ ಕೊಂಡವರ ಕೈಯಿಂದ 1993ರಲ್ಲಿ ಒಂದು ನಿವೇಶನವನ್ನು ಕೊಂಡಿದ್ದ ಮಹಿಳೆ ಹಕ್ಕು ತನ್ನದೆಂದು ದಾವೆ ಹಾಕಿದರು. ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ 2025ರ ಅಕ್ಟೋಬರ್‌ನಲ್ಲಿ ತೀರ್ಪಾಯಿತು. ತಂದೆ ಮಾಡಿದ ಮಾರಾಟವನ್ನು ರದ್ದುಪಡಿಸಲು ಮಕ್ಕಳು ದಾವೆಯನ್ನೇ ಹೂಡಬೇಕೆಂದಿಲ್ಲ. ಕಾಲಮಿತಿಯೊಳಗೆ ತಮ್ಮ ಸ್ಪಷ್ಟ ನಡವಳಿಕೆಯಿಂದ, ಉದಾಹರಣೆಗೆ ತಾವೇ ಬೇರೆಯವರಿಗೆ ಮಾರುವ ಮೂಲಕ, ಅದನ್ನು ತಿರಸ್ಕರಿಸಬಹುದು ಎಂದು ನ್ಯಾಯಾಲಯ ಹೇಳಿತು. 1993ರಲ್ಲಿ ಕೊಂಡ ಮಹಿಳೆ ಸೋತರು.

ಆ ಮಹಿಳೆಯ ಸ್ಥಾನದಲ್ಲಿ ನಿಂತು ಯೋಚಿಸಿ. ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಮಾರಾಟದ ನಮೂದು ಕಾಣುತ್ತದೆ, ನ್ಯಾಯಾಲಯದ ಅನುಮತಿ ಇತ್ತೋ ಇಲ್ಲವೋ ಅಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಬೇಕಾದರೆ ಹಿಂದಿನ ಕ್ರಯಪತ್ರದ ಪೂರ್ತಿ ಪ್ರತಿಯನ್ನು ತೆಗೆಸಿ, ಬರೆದುಕೊಟ್ಟವರ ಹೆಸರಿನ ಪಕ್ಕದಲ್ಲಿರುವ ವಯಸ್ಸನ್ನು ಓದಬೇಕು. ಕಕ್ಷಿದಾರರ ದಸ್ತಾವೇಜು ನೋಡುವಾಗ ನಾನು ಹಣದ ಅಂಕಿಗಿಂತ ಮೊದಲು ಆ ವಯಸ್ಸನ್ನು ಓದುತ್ತೇನೆ. ‘ಮೈನರ್, ಅವನ ಪರವಾಗಿ ತಂದೆ’ ಎಂಬ ಸಾಲು ಕಂಡರೆ ಅಲ್ಲಿಯೇ ನಿಲ್ಲುತ್ತೇನೆ.

ಇಲ್ಲೊಂದು ಅಪವಾದವನ್ನೂ ಹೇಳಬೇಕು, ಏಕೆಂದರೆ ದಲ್ಲಾಳಿಯವರು ಅದನ್ನೇ ಹಿಡಿದು ವಾದಿಸಬಹುದು. ಪಿತ್ರಾರ್ಜಿತ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮೈನರ್‌ಗಿರುವ ವಿಭಾಗವಾಗದ ಹಕ್ಕಿಗೆ ಈ ಅನುಮತಿಯ ನಿಯಮ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಅಲ್ಲಿ ಕುಟುಂಬದ ಕರ್ತ, ಅಂದರೆ ಅದರ ವ್ಯವಹಾರ ನೋಡಿಕೊಳ್ಳುವ ಹಿರಿಯ ಸದಸ್ಯ, ಕುಟುಂಬದ ಅವಶ್ಯಕತೆಗಾಗಿ ಮಾರಬಹುದು. ಅವಶ್ಯಕತೆ ಇತ್ತು ಎಂದು ಸಾಬೀತು ಮಾಡುವ ಹೊರೆ ಕೊಂಡವರ ಮೇಲೆ ಬರುತ್ತದೆ. ನಿಮ್ಮ ವಿಷಯದಲ್ಲಿ ಆಸ್ತಿ ಯಜಮಾನರ ಸ್ವಯಾರ್ಜಿತ. ವಾರಸಿನಿಂದ ಬಂದ ಕಾಲು ಭಾಗ ಹುಡುಗನ ಸ್ವಂತದ್ದು. ಆದ್ದರಿಂದ ಅಪವಾದ ನಿಮಗೆ ಒದಗುವುದಿಲ್ಲ, ಅನುಮತಿ ಬೇಕೇ ಬೇಕು.

ನನ್ನ ಸಲಹೆ: ಕಾಯಿರಿ. ಅನುಮತಿಯ ಅರ್ಜಿ ಹಾಕಿ, ಕಾಗದಪತ್ರ ಒದಗಿಸಿ, ಹೇಳಿಕೆ ಕೊಟ್ಟು ಆದೇಶ ಪಡೆಯುವಷ್ಟರಲ್ಲಿ ಐದು ತಿಂಗಳು ಹೇಗೂ ಕಳೆದುಹೋಗುತ್ತವೆ. ಹುಡುಗನಿಗೆ ಹನ್ನೆರಡೋ ಹದಿಮೂರೋ ಆಗಿದ್ದರೆ ಅರ್ಜಿ ಹಾಕಿ ಎನ್ನುತ್ತಿದ್ದೆ.

ಆದರೆ ಕಾಯುವ ಮೊದಲು ತಾಯಿ ಮತ್ತು ಮಗಳಿಂದ ಈ ವಾರವೇ ಒಂದು ಹೊಸ ಕರಾರು ಮಾಡಿಸಿಕೊಳ್ಳಿ. ಹಳೆಯ ಕರಾರು ರದ್ದಾಯಿತು, ನಾಲ್ಕು ಲಕ್ಷ ತಾಯಿಗೆ ಸಂದಿದೆ, ಅದು ತಾಯಿಯ ಕಾಲು ಭಾಗದ ಮುಂಗಡ, ಮುಂದೆ ನಾಲ್ವರೂ ಸೇರಿ ಕ್ರಯಪತ್ರ ಬರೆದುಕೊಡಲು ಆಗದಿದ್ದರೆ ಇಂಥ ದಿನದೊಳಗೆ ಹಣ ಹಿಂದಿರುಗಿಸುತ್ತೇನೆ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಹುಡುಗನಿಂದ ಸಹಿ ಹಾಕಿಸಬೇಡಿ, ಅವನ ಪರವಾಗಿ ಯಾರಿಂದಲೂ ಮಾತು ಕೊಡಿಸಬೇಡಿ. ಮೈನರ್‌ನನ್ನು ತನ್ನ ವೈಯಕ್ತಿಕ ವಾಗ್ದಾನದಿಂದ ಕಟ್ಟಿಹಾಕುವ ಅಧಿಕಾರ ಸಹಜ ಪೋಷಕರಿಗೆ ಇಲ್ಲವೇ ಇಲ್ಲ. ಹದಿನೆಂಟು ತುಂಬಿದ ಮೇಲೆ ನಾಲ್ವರೂ ನೇರವಾಗಿ ಕ್ರಯಪತ್ರ ಬರೆದುಕೊಡಲಿ. ಲೆಕ್ಕ ಹೀಗೆ: ಮಗಳಿಗೆ ಎಂಟು ಲಕ್ಷ, ಅಜ್ಜಿಗೆ ಎಂಟು ಲಕ್ಷ, ಹುಡುಗನಿಗೆ ಎಂಟು ಲಕ್ಷ, ತಾಯಿಗೆ ಮುಂಗಡ ಕಳೆದು ನಾಲ್ಕು ಲಕ್ಷ. ಹುಡುಗನ ಎಂಟು ಲಕ್ಷ ಅವನು ಮೇಜರ್ ಆದ ನಂತರ ಅವನ ಸ್ವಂತ ಖಾತೆಗೇ ಹೋಗಲಿ. ಇದೇ ಅವನ ಮಟ್ಟಿಗೆ ಹೊಸ ಪ್ರತಿಫಲ. ಕ್ರಯಪತ್ರದಲ್ಲಿ ‘ಹಿಂದಿನ ಕರಾರಿನ ಪ್ರಕಾರ’ ಎನ್ನುವ ಮಾತು ಎಲ್ಲಿಯೂ ನುಸುಳದಂತೆ ನೋಡಿಕೊಳ್ಳಿ. ಬರೆಯುವವರಿಗೆ ಅದು ಕೈಗೆ ಬಂದ ವಾಕ್ಯ, ಯೋಚಿಸದೆ ಹಾಕಿಬಿಡುತ್ತಾರೆ.

ಹದಿನೆಂಟು ತುಂಬುವ ದಿನ ಯಾವುದು? 1875ರ ಭಾರತೀಯ ವಯಸ್ಕತೆ ಕಾಯಿದೆಯಲ್ಲಿ ಹುಟ್ಟಿದ ದಿನವನ್ನೂ ಪೂರ್ತಿ ಒಂದು ದಿನವೆಂದು ಲೆಕ್ಕ ಹಿಡಿದಿದೆ, ಹಾಗಾಗಿ ಹದಿನೆಂಟನೆಯ ಹುಟ್ಟುಹಬ್ಬದ ದಿನ ಆರಂಭವಾಗುತ್ತಿದ್ದಂತೆ ಅವನು ಮೇಜರ್. ಹಿಂದೆ ನ್ಯಾಯಾಲಯ ಪೋಷಕರನ್ನು ನೇಮಿಸಿದ್ದ ಮೈನರ್‌ಗೆ ಇಪ್ಪತ್ತೊಂದು ಎಂಬ ನಿಯಮವಿತ್ತು. 1999ರ ತಿದ್ದುಪಡಿಯ ನಂತರ ಎಲ್ಲರಿಗೂ ಹದಿನೆಂಟೇ. ನಾನಾದರೆ ಆ ದಿನವೇ ನೋಂದಣಿಗೆ ಹೋಗುವುದಿಲ್ಲ, ಒಂದೆರಡು ವಾರ ಬಿಡುತ್ತೇನೆ, ಹುಡುಗನಿಗೆ ಯೋಚಿಸಲು ಸಮಯ ಸಿಗಲಿ ಎಂದು. ಜನನ ಪ್ರಮಾಣಪತ್ರ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎರಡನ್ನೂ ನೋಡಿ, ತಾಳೆ ಹಾಕಿ. ಶಿಕ್ಷಕರಾದ ನಿಮಗೆ ನಾನು ಹೇಳಬೇಕಾಗಿಲ್ಲ: ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ‘ಜೂನ್ 1’ ನಮ್ಮ ಕಡೆ ಎಷ್ಟು ಮಂದಿಯ ಹುಟ್ಟುಹಬ್ಬವಾಗಿ ಉಳಿದಿದೆ! ಎರಡು ದಾಖಲೆಗಳಲ್ಲಿ ಬೇರೆ ಬೇರೆ ದಿನಾಂಕವಿದ್ದರೆ ತಡವಾಗಿ ಬರುವ ದಿನಾಂಕ ದಾಟುವವರೆಗೆ ಕಾಯುವುದೇ ಕ್ಷೇಮ.

ಈಗ ಅಜ್ಜಿಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು.

ವಯಸ್ಸಾಗಿದೆ ಎಂದೋ, ಮರೆವಿದೆ ಎಂದೋ, ಓದು ಬರಹ ಬಾರದು ಎಂದೋ ಯಾರೂ ಅನರ್ಹರಾಗುವುದಿಲ್ಲ. ಕರಾರು ಕಾಯಿದೆಯ 12ನೇ ಕಲಮಿನ ಅಳತೆಗೋಲು ಬೇರೆ: ಕರಾರು ಮಾಡುವ ಹೊತ್ತಿನಲ್ಲಿ ಅದು ಏನೆಂದು ತಿಳಿಯುವ ಶಕ್ತಿ ಇದೆಯೇ, ಅದರಿಂದ ತನ್ನ ಹಿತಕ್ಕೆ ಏನಾಗುತ್ತದೆ ಎಂದು ವಿವೇಚಿಸುವ ಶಕ್ತಿ ಇದೆಯೇ? ‘ಆ ಹೊತ್ತಿನಲ್ಲಿ’ ಎನ್ನುವುದು ಮುಖ್ಯ. ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಅದು ಮರಳಿದ ವೇಳೆಯಲ್ಲಿ ಕರಾರು ಮಾಡಬಹುದು. ಸ್ವಸ್ಥರಾದವರೂ ಜ್ವರದ ಸನ್ನಿಯಲ್ಲಿ ಅಥವಾ ಏನೂ ತಿಳಿಯದಷ್ಟು ಕುಡಿದ ಅಮಲಿನಲ್ಲಿ ಮಾಡಲಾಗದು. 2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾನಸಿಕ ಕಾಯಿಲೆ ಇದೆ ಎಂದು ಗುರುತಿಸಿದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯ ಘೋಷಿಸದೆ, ಆ ವ್ಯಕ್ತಿಯನ್ನು ಅಸ್ವಸ್ಥಚಿತ್ತ ಎಂದು ತಿಳಿಯಬಾರದು ಎಂದಿದೆ. ವೈದ್ಯರ ಚೀಟಿ ನೋಡಿ ಯಾರ ಹಕ್ಕನ್ನೂ ಕಸಿಯುವಂತಿಲ್ಲ.

ಅಳತೆ ಹೇಗೆ? ಹಲವು ವರ್ಷದ ಹಿಂದೆ ಇಂಥದೇ ಒಂದು ವ್ಯವಹಾರದಲ್ಲಿ ಕೊಳ್ಳುವವರ ಪರವಾಗಿ ನಾನು ಒಬ್ಬ ಅಜ್ಜಿಯನ್ನು ನೋಡಲು ಹೋಗಿದ್ದೆ. ಸಂಜೆ ಆರು ಗಂಟೆ. ಅವರಿಗೆ ನಾನು ಯಾರೆಂದು ಎರಡು ಸಲ ಹೇಳಿದರೂ ಮರೆತರು, ಸತ್ತ ಗಂಡ ಪೇಟೆಯಿಂದ ಬರುತ್ತಾನೆ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಆಗುವುದಿಲ್ಲ ಎಂದು ಎದ್ದು ಬಂದೆ. ಮೊಮ್ಮಗಳೊಬ್ಬಳು ಹಿಂದೆಯೇ ಬಂದು, ‘ಸರ್, ಅಜ್ಜಿ ಬೆಳಿಗ್ಗೆ ಚೆನ್ನಾಗಿರುತ್ತಾರೆ’ ಎಂದಳು. ಮರುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಜಗಲಿಯಲ್ಲಿ ಎದುರು ಕೂತು ಕೇಳಿದೆ: ಯಾವ ಮನೆ ಮಾರುತ್ತಿದ್ದೀರಿ, ಎಷ್ಟಕ್ಕೆ, ಹಣ ಯಾರಿಗೆ ಬರುತ್ತದೆ? ಮೊತ್ತವನ್ನು ಸರಿಯಾಗಿ ಹೇಳಲಿಲ್ಲ, ‘ಆ ಬಾಬ್ತು ಸೊಸೆಗೆ ಗೊತ್ತು, ನನ್ನ ಪಾಲು ಬ್ಯಾಂಕಿಗೆ ಹಾಕುತ್ತಾರಂತೆ’ ಎಂದರು. ಮಾರಿದ ಮೇಲೆ ಎಲ್ಲಿರುತ್ತೀರಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿತ್ತಿಲ ತುಳಸಿಕಟ್ಟೆಯನ್ನು ಹೊತ್ತುಕೊಂಡು ಹೋಗಲು ಆಗುತ್ತದೆಯೇ?’ ಎಂದು ನನ್ನನ್ನೇ ಕೇಳಿದರು. ಮನೆ ಕೈಬಿಟ್ಟು ಹೋಗುತ್ತದೆ, ಇನ್ನು ಇಲ್ಲಿಗೆ ಬರುವಂತಿಲ್ಲ ಎನ್ನುವುದು ಅವರಿಗೆ ನಿಚ್ಚಳವಾಗಿತ್ತು. ನನಗೆ ಬೇಕಿದ್ದದ್ದು ಆ ಅರಿವು. ಇವತ್ತು ಯಾವ ವಾರ, ಪ್ರಧಾನಿ ಯಾರು ಎಂಬ ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ.

ನಿಮ್ಮ ಅಜ್ಜಿಯವರನ್ನೂ ಹೀಗೆಯೇ, ಅವರು ನಿರಾಳವಾಗಿರುವ ಹೊತ್ತಿನಲ್ಲಿ, ಅವರ ಆಡುಮಾತಿನಲ್ಲಿ, ಸೊಸೆ ಮೊಮ್ಮಕ್ಕಳು ಪಕ್ಕದಲ್ಲಿಲ್ಲದಾಗ ಮಾತನಾಡಿಸಬೇಕು. ನೀವಲ್ಲ, ನಿಮ್ಮ ವಕೀಲರು. ಅವರಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಂದ ನೋಂದಣಿಯ ದಿನವೇ ಅಥವಾ ಹಿಂದಿನ ದಿನ ಪ್ರಮಾಣಪತ್ರ ಪಡೆಯಿರಿ. ‘ಆರೋಗ್ಯವಾಗಿದ್ದಾರೆ’ ಎಂಬ ಒಂದು ಸಾಲು ಸಾಲದು, ಈ ಆಸ್ತಿಯ ಮಾರಾಟವನ್ನು ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿದ್ದಾರೆ ಎಂದು ಅದರಲ್ಲಿ ಬರೆದಿರಬೇಕು. ಕಚೇರಿಗೆ ಬರಲು ಶರೀರ ಒಪ್ಪದಿದ್ದರೆ 1908ರ ನೋಂದಣಿ ಕಾಯಿದೆಯಲ್ಲಿಯೇ ಅಧಿಕಾರಿ ಮನೆಗೆ ಬಂದು ವಿಚಾರಿಸಿ ನೋಂದಣಿ ಮಾಡುವ ಅವಕಾಶವಿದೆ, ಅರ್ಜಿ ಕೊಡಿ. ಬರೆದುಕೊಡುವವರು ಮೈನರ್ ಅಥವಾ ಬುದ್ಧಿ ಸ್ಥಿಮಿತದಲ್ಲಿಲ್ಲದವರು ಎಂದು ಕಂಡರೆ ಆ ಅಧಿಕಾರಿ ನೋಂದಣಿಯನ್ನು ನಿರಾಕರಿಸಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ. ಆ ಕಣ್ಣನ್ನು ತಪ್ಪಿಸಿ ಮನೆಯ ಮೂಲೆಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ನಂಬಿ ನೀವು ಜೀವಮಾನದ ಉಳಿತಾಯ ಸುರಿಯಬಾರದು. ಅರಿವಿದ್ದರೂ ಒತ್ತಡದಿಂದ ಒಪ್ಪಿದ್ದರೆ ಅದು ಬೇರೆ ದೋಷ: ವಯಸ್ಸು ಅಥವಾ ಕಾಯಿಲೆಯಿಂದ ಮನಸ್ಸು ಕುಗ್ಗಿದವರ ಮೇಲಿನ ಅನುಚಿತ ಪ್ರಭಾವವನ್ನು 16ನೇ ಕಲಂ ಹೆಸರಿಟ್ಟೇ ಹೇಳುತ್ತದೆ, ಅಂಥ ಕರಾರನ್ನು ಅವರು ರದ್ದುಪಡಿಸಬಹುದು. ಅವರ ಎಂಟು ಲಕ್ಷ ಅವರದೇ ಖಾತೆಗೆ ಹೋಗುವುದು ಇಂಥ ಆಪಾದನೆಗೆ ಒಳ್ಳೆಯ ಉತ್ತರ.

‘ಅಜ್ಜಿಯಿಂದ ಸೊಸೆಗೆ ಜಿಪಿಎ ಇದೆ’ ಎಂದು ನಾಳೆ ಯಾರಾದರೂ ಒಂದು ಅಧಿಕಾರಪತ್ರ ತಂದರೆ ಎಚ್ಚರ. ಅಧಿಕಾರ ಕೊಟ್ಟವರು ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ ಎಂದು ಕರಾರು ಕಾಯಿದೆಯ 201ನೇ ಕಲಂ ಹೇಳುತ್ತದೆ. ಅಜ್ಜಿ ಚೆನ್ನಾಗಿದ್ದಾಗ ಕೊಟ್ಟ ಪತ್ರ, ಅವರಿಗೆ ಅರಿವು ತಪ್ಪಿದ ಮೇಲೆ ಬರಿಯ ಹಾಳೆ. ಅರಿವು ಚೆನ್ನಾಗಿಯೇ ಇದ್ದರೆ ಅವರನ್ನೇ ಕರೆತರಬಹುದಲ್ಲ?

ಒಂದು ವೇಳೆ ಅಜ್ಜಿಗೆ ಯಾವ ಹೊತ್ತಿನಲ್ಲೂ ತಿಳಿಯುವುದಿಲ್ಲ ಎಂದಾದರೆ ಮನೆಯವರು ಅವರಿಗೆ ಪೋಷಕರನ್ನು ನೇಮಿಸಿಕೊಳ್ಳಬೇಕು. ಇಲ್ಲಿ ಕಾನೂನು ಅರೆಕೊರೆಯಾಗಿದೆ, ಅದರ ಬಗ್ಗೆ ನನಗೆ ಬೇಸರವಿದೆ. ಪೋಷಕರು ಮತ್ತು ಪಾಲ್ಯರ ಕಾಯಿದೆ ಮಕ್ಕಳಿಗೆ ಮಾತ್ರ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮುಂತಾದ ಕೆಲವು ಸ್ಥಿತಿಗಳಿಗೆ ಸೀಮಿತ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ, ವ್ಯಕ್ತಿಯ ಜೊತೆ ಸೇರಿ ತೀರ್ಮಾನ ಮಾಡುವ ಸೀಮಿತ ಪೋಷಕತ್ವವಿದೆ. ಮುಪ್ಪಿನ ಮರೆವಿನ ಕಾಯಿಲೆಗೆಂದೇ ನೇರವಾದ ಕಾಯಿದೆ ಇಲ್ಲದ ಕಾರಣ ಕುಟುಂಬಗಳು ರಿಟ್ ಅರ್ಜಿ ಹಿಡಿದು ಹೈಕೋರ್ಟ್‌ಗಳಿಗೆ ಹೋಗಿವೆ, ಹೈಕೋರ್ಟ್‌ಗಳು ಪೋಷಕರನ್ನು ನೇಮಿಸಿಯೂ ಇವೆ. ಆ ದಾರಿ ಹಿಡಿಯಬೇಕಾದರೆ ನಿಮ್ಮ ವ್ಯವಹಾರಕ್ಕೆ ಐದು ತಿಂಗಳು ಸಾಲುವುದಿಲ್ಲ. ಆದ್ದರಿಂದ ಅಜ್ಜಿಯನ್ನು ಮಾತನಾಡಿಸುವ ಕೆಲಸ ಮೊದಲು ಆಗಲಿ. ಹುಡುಗನ ವಯಸ್ಸು ತಾನಾಗಿ ತುಂಬುತ್ತದೆ. ಅಜ್ಜಿಯ ನೆನಪು ಹಾಗಲ್ಲ.

ಕೊನೆಯದಾಗಿ ನಿಮ್ಮ ಮಗಳ ಹೆಸರಿನಲ್ಲಿ ಕೊಳ್ಳುವ ಆಸೆ. ಕೊಳ್ಳಬಹುದು. ಮೈನರ್ ಬರೆದುಕೊಡಲಾರಳು, ಆದರೆ ಅವಳ ಹೆಸರಿಗೆ ಬರೆಸಿಕೊಳ್ಳಲು ಅಡ್ಡಿಯಿಲ್ಲ. ಪೂರ್ತಿ ಹಣ ಕೊಟ್ಟು ಪೋಷಕರ ಮೂಲಕ ಪಡೆದ ಕ್ರಯಪತ್ರ ಅವಳಿಗೆ ಹಕ್ಕು ಕೊಡುತ್ತದೆ. ಆದರೆ ಶಾಮನೂರಿನ ತಂದೆಯನ್ನು ನೆನಪಿಸಿಕೊಳ್ಳಿ. ಮಗಳ ಹೆಸರಿಗೆ ಬಂದ ಮರುಕ್ಷಣದಿಂದ ಅದು ಅವಳ ಆಸ್ತಿ. ಮುಂದಿನ ಎಂಟು ವರ್ಷಗಳಲ್ಲಿ ನಿಮಗೆ ಕಾಯಿಲೆಯಾಗಲಿ, ವರ್ಗಾವಣೆಯಾಗಲಿ, ಮನೆಯನ್ನು ಮಾರಲು ಅಥವಾ ಬ್ಯಾಂಕಿಗೆ ಅಡಮಾನ ಇಡಲು ನೀವೂ ನ್ಯಾಯಾಲಯದ ಅನುಮತಿಗೆ ಹೋಗಬೇಕು. ನಿಮ್ಮ ಮತ್ತು ಪತ್ನಿಯವರ ಜಂಟಿ ಹೆಸರಿನಲ್ಲಿ ಕೊಂಡು, ಮಗಳಿಗೆ ಸೇರುವಂತೆ ಉಯಿಲು ಬರೆದಿಡುವುದು ನನಗೆ ಮೇಲೆನಿಸುತ್ತದೆ.

ಊರಿನ ಒಬ್ಬ ಸಿವಿಲ್ ವಕೀಲರ ಬಳಿಗೆ ಹೋಗುವಾಗ ವಂಶವೃಕ್ಷ, ಯಜಮಾನರ ಮರಣ ಪ್ರಮಾಣಪತ್ರ, ಹುಡುಗನ ಎರಡೂ ದಾಖಲೆಗಳು ಮತ್ತು ಯಜಮಾನರು ಆ ಮನೆ ಕೊಂಡಾಗಿನ ಮೂಲ ಕ್ರಯಪತ್ರವನ್ನು ಜೊತೆಯಲ್ಲಿ ಒಯ್ಯಿರಿ. ಮೂಲ ಕ್ರಯಪತ್ರವನ್ನು ಮುಖ್ಯವಾಗಿ. ಆಸ್ತಿ ಸ್ವಯಾರ್ಜಿತ ಎನ್ನುವುದು ಸದ್ಯಕ್ಕೆ ಮನೆಯವರ ಬಾಯಿಮಾತು. ಹಿರಿಯರ ಜಮೀನು ಮಾರಿದ ಹಣದಿಂದ ಕೊಂಡದ್ದು ಎಂದು ಆ ಪತ್ರದಲ್ಲೆಲ್ಲಾದರೂ ಬರೆದಿದ್ದರೆ, ನಾನು ಮೇಲೆ ಹಾಕಿದ ಎಂಟು ಎಂಟು ಲಕ್ಷದ ಲೆಕ್ಕವನ್ನು ವಕೀಲರು ಮೊದಲಿನಿಂದ ಹಾಕಬೇಕಾಗುತ್ತದೆ.